ನಗಿಸಿ ಗೆದ್ದವರು, ಅಳಿಸಿ ಹೋದವರು

ಹಾಡು ಗೊತ್ತಿಲ್ಲ, ಜನ ಬಿಡುವುದಿಲ್ಲ. ವೇದಿಕೆಯ ಮೇಲೆ ನಿಂತ ಹುಡುಗರಿಗೆ ಇದಕ್ಕಿಂತ ದೊಡ್ಡ ಪೇಚು ಇನ್ನೇನಿದ್ದೀತು?

1990ರ ಸುಮಾರಿನ ಮಾತು. ಬ್ರೆಜಿಲ್ ದೇಶದ ಮಹಾನಗರ ಸಾವೊ ಪಾಲೊಗೆ ಅಂಟಿಕೊಂಡಂತೆ ಗ್ವಾರುಲ್ಯೋಸ್ ಎಂಬ ಊರಿದೆ. ಕಾರ್ಖಾನೆಗಳ ಊರು. ಸಾವೊ ಪಾಲೊದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದೂ ಇಲ್ಲಿಯೇ. ಅಲ್ಲಿನ ಸೆಕಾಪ್ ಬಡಾವಣೆಯಲ್ಲಿ ಸ್ಥಳೀಯ ಹುಡುಗರ ಬ್ಯಾಂಡೊಂದು ಹಾಡುತ್ತಿತ್ತು. ಬ್ಯಾಂಡಿನ ಹೆಸರು ಉಟೋಪಿಯಾ. ನೆರೆದಿದ್ದ ಜನ 'ಗನ್ಸ್ ಎನ್ ರೋಸಸ್ ಹಾಡು ಹಾಡಿ' ಎಂದು ಬೊಬ್ಬೆ ಹಾಕತೊಡಗಿದರು. ಅವರಿಗೆ ಬೇಕಾಗಿದ್ದುದು ಆಗ ಜಗತ್ತಿನೆಲ್ಲೆಡೆ ಕೇಳಿಬರುತ್ತಿದ್ದ 'ಸ್ವೀಟ್ ಚೈಲ್ಡ್ ಓ ಮೈನ್'. ರಾಗವನ್ನು ಬಾರಿಸಲು ಹುಡುಗರಿಗೆ ಬರುತ್ತಿತ್ತು. ಆದರೆ ಇಂಗ್ಲಿಷ್ ಸಾಹಿತ್ಯ ಯಾರಿಗೂ ಗೊತ್ತಿರಲಿಲ್ಲ. 'ನಿಮ್ಮಲ್ಲಿ ಯಾರಿಗಾದರೂ ಬಂದರೆ ಮೇಲೆ ಬನ್ನಿ' ಎಂದು ಅವರು ಕರೆದೇ ಬಿಟ್ಟರು.

ಗುಂಪಿನಿಂದ ಒಬ್ಬ ತರುಣ ಜಿಗಿದು ಬಂದ. ಹೆಸರು ಅಲೆಕ್ಸಾಂಡರ್ ಆಲ್ವೆಸ್, ಕರೆಯುತ್ತಿದ್ದುದು ಡಿನ್ಹೊ ಎಂದು. ಮೈಕು ಹಿಡಿದ, ಹಾಡಿದ. ತಮಾಷೆಯೆಂದರೆ ಅವನಿಗೂ ಸಾಹಿತ್ಯ ಗೊತ್ತಿರಲಿಲ್ಲ! ಇಂಗ್ಲಿಷಿನಂತೆಯೇ ಕೇಳಿಸುವ, ಆದರೆ ಯಾವ ಭಾಷೆಗೂ ಸೇರದ ಶಬ್ದಗಳನ್ನು ಬಾಯಿಗೆ ಬಂದಂತೆ ಜೋಡಿಸುತ್ತಾ, ಕುಣಿಯುತ್ತಾ, ಮುಖ ಕಿವುಚುತ್ತಾ ಇಡೀ ಹಾಡನ್ನು ದಡ ಮುಟ್ಟಿಸಿದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಮ್ಮ ಕಾಲೇಜು ದಿನಾಚರಣೆಗಳಲ್ಲಿ ಅರ್ಥ ಗೊತ್ತಿಲ್ಲದ ಹಾಡನ್ನು ಹೀಗೆ ಧೈರ್ಯದಿಂದ ಹಾಡಿ ಚಪ್ಪಾಳೆ ಗಿಟ್ಟಿಸಿದವರನ್ನು ನೋಡಿದವರಿಗೆ ಆ ದೃಶ್ಯ ಊಹಿಸುವುದು ಕಷ್ಟವಲ್ಲ. ಬ್ಯಾಂಡಿನ ಹುಡುಗರು ಅವನನ್ನು ತಮ್ಮ ಗಾಯಕನನ್ನಾಗಿ ಸೇರಿಸಿಕೊಂಡರು.

ಆದರೆ ಅವನು ಅಂದು ಮಾಡಿದ ಕೆಲಸವನ್ನೇ ಮುಂದುವರಿಸಬೇಕೆಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಅದು ಹೊಳೆಯಲು ಇನ್ನೂ ನಾಲ್ಕೈದು ವರ್ಷ ಬೇಕಾಯಿತು. ಹೊಳೆದ ಮೇಲೆ ಅವರಿಗೆ ಸಿಕ್ಕಿದ್ದು ಬರೀ ಎಂಟು ತಿಂಗಳು.

ತುಟಿಗೆ ರಂಗು, ಕೈಯಲ್ಲಿ ಗಿಟಾರು

ಅಂದು ಜನ ಗನ್ಸ್ ಎನ್ ರೋಸಸ್ ಹಾಡನ್ನೇ ಕೇಳಿದ್ದೇಕೆ ಎಂಬುದಕ್ಕೆ ಹಿನ್ನೆಲೆಯಿದೆ. 1980ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸನ್‌ಸೆಟ್ ಸ್ಟ್ರಿಪ್ ಎಂಬ ಬೀದಿಯ ಕ್ಲಬ್ಬುಗಳಿಂದ ಒಂದು ಬಗೆಯ ರಾಕ್ ಸಂಗೀತ ಹೊರಟಿತು. ಗ್ಲಾಮ್ ಮೆಟಲ್ ಎಂಬುದು ಅದರ ಹೆಸರು. ಗಂಡಸರೇ, ಆದರೆ ತುಟಿಗೆ ರಂಗು, ಕಣ್ಣಿಗೆ ಕಾಡಿಗೆ, ಡಬ್ಬಗಟ್ಟಲೆ ಹೇರ್ ಸ್ಪ್ರೇ ಸುರಿದು ಗೂಡಿನಂತೆ ಎತ್ತರಿಸಿದ ಉದ್ದ ಕೂದಲು, ಮೈಗಂಟಿದ ಹೊಳೆಯುವ ಪ್ಯಾಂಟು. ಮಾಟ್ಲಿ ಕ್ರೂ, ಪಾಯ್ಸನ್ ಮುಂತಾದ ಬ್ಯಾಂಡುಗಳು ಹೀಗೆ ಮೆರೆದವು. ಕಿವಿ ಗಡಚಿಕ್ಕುವ ಗಿಟಾರು ಒಂದು ಕಡೆ, ನಡುವೆ ಕಣ್ಣೀರು ತರಿಸುವ ಒಂದು ಪ್ರೇಮಗೀತೆ ಇನ್ನೊಂದು ಕಡೆ. ಗನ್ಸ್ ಎನ್ ರೋಸಸ್ ಇದೇ ಬೀದಿಯಿಂದ ಬಂದು, ಇವರೆಲ್ಲರಿಗಿಂತ ಒರಟಾಗಿ, ಇವರೆಲ್ಲರನ್ನೂ ಮೀರಿ ಬೆಳೆದ ತಂಡ.

ಬ್ರೆಜಿಲ್‌ಗೆ ಈ ಗುಡುಗು ತಲುಪಿದ್ದು 1985ರ ಜನವರಿಯಲ್ಲಿ. ರಿಯೊ ಡಿ ಜನೈರೊದಲ್ಲಿ ನಡೆದ 'ರಾಕ್ ಇನ್ ರಿಯೊ' ಉತ್ಸವಕ್ಕೆ ಐರನ್ ಮೇಡನ್, ಎಸಿ ಡಿಸಿ, ಸ್ಕಾರ್ಪಿಯನ್ಸ್, ವೈಟ್‌ಸ್ನೇಕ್ ಎಲ್ಲರೂ ಬಂದರು. 1964ರಿಂದ ನಡೆದುಬಂದಿದ್ದ ಸೇನಾಡಳಿತ ಕೊನೆಗೊಂಡಿದ್ದೂ ಅದೇ ವರ್ಷ. 1991ರಲ್ಲಿ ಎರಡನೆಯ ಉತ್ಸವ ಮರಕಾನಾ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದಾಗ ಗನ್ಸ್ ಎನ್ ರೋಸಸ್ ಖುದ್ದಾಗಿ ಬಂದಿಳಿಯಿತು. ಬ್ರೆಜಿಲ್‌ನ ಊರೂರುಗಳಲ್ಲಿ ಹುಡುಗರು ಸೆಕೆಂಡ್ ಹ್ಯಾಂಡ್ ಗಿಟಾರು ಕೊಂಡು ಕೂದಲು ಬಿಟ್ಟರು.

ಇಷ್ಟೊಂದು ಆಡಂಬರವಿರುವ ಸಂಗೀತವನ್ನು ಅಣಕಿಸುವುದು ಸುಲಭ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಹಾಗೇನಿಲ್ಲ. ವೇಷವನ್ನು ಯಾರಾದರೂ ಅಣಕಿಸಬಹುದು, ಆದರೆ ಸಂಗೀತವನ್ನು ಅಣಕಿಸಲು ಅದನ್ನು ಅಷ್ಟೇ ಚೆನ್ನಾಗಿ ನುಡಿಸಲು ಬರಬೇಕು. 1984ರಲ್ಲಿ ಅಮೆರಿಕದಲ್ಲಿ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಎಂಬ ಚಲನಚಿತ್ರ ಬಂತು. ಇಲ್ಲದ ಹೆವಿ ಮೆಟಲ್ ಬ್ಯಾಂಡೊಂದರ ಬಗ್ಗೆ ನಿಜವಾದ ಸಾಕ್ಷ್ಯಚಿತ್ರವೇನೋ ಎಂಬಂತೆ ತೆಗೆದ ಹಾಸ್ಯ ಚಿತ್ರ ಅದು. ಅದರಲ್ಲಿ ನಟಿಸಿದವರು ಹಾಡನ್ನೂ ತಾವೇ ಹಾಡಿ, ವಾದ್ಯವನ್ನೂ ತಾವೇ ನುಡಿಸಿದ್ದರು. ಪರಿಣಾಮವಾಗಿ ಇಲ್ಲದ ಬ್ಯಾಂಡು ಕ್ರಮೇಣ ಇರುವ ಬ್ಯಾಂಡೇ ಆಗಿಬಿಟ್ಟಿತು. 1992ರಲ್ಲಿ ಹೊಸ ಧ್ವನಿಮುದ್ರಿಕೆ ತಂದು, ಅದೇ ವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಫ್ರೆಡ್ಡಿ ಮರ್ಕ್ಯುರಿ ಸ್ಮರಣಾರ್ಥ ನಡೆದ ಬೃಹತ್ ಕಾರ್ಯಕ್ರಮದ ವೇದಿಕೆಯನ್ನೂ ಹತ್ತಿತು. ಅಷ್ಟಾದರೂ ಅದು ರಸಿಕರ ಒಳವಲಯದ ಮೆಚ್ಚುಗೆ. ಮನೆಮನೆಯ ಮಕ್ಕಳ ಬಾಯಲ್ಲಿ ಅಣಕು ರಾಕ್ ಹಾಡು ಕುಣಿದಾಡಿದ್ದನ್ನು ನೋಡಬೇಕಾದರೆ ಗ್ವಾರುಲ್ಯೋಸ್‌ನ ಹುಡುಗರ ಬಳಿಗೇ ಮರಳಬೇಕು.

ಸಾವಿರ ಪ್ರತಿ, ನೂರೂ ಹೋಗಲಿಲ್ಲ

ಬ್ಯಾಂಡಿನ ಬುನಾದಿ ಇಬ್ಬರು ಅಣ್ಣತಮ್ಮಂದಿರು. ಡ್ರಮ್ಸ್ ನುಡಿಸುವ ಸೆರ್ಜಿಯೊ, ಬೇಸ್ ಗಿಟಾರಿನ ಸ್ಯಾಮ್ಯುಯೆಲ್. ಅವರ ಮನೆತನದ ಹೆಸರು ರೆಯಿಸ್ ಡಿ ಒಲಿವೇರಾ. ಎರಡರ ತಲೆಗಳನ್ನು ಕತ್ತರಿಸಿ ಜೋಡಿಸಿ 'ರಿಯೊಲಿ' ಎಂದು ಮಾಡಿಕೊಂಡಿದ್ದರು. ಗಿಟಾರ್ ವಾದಕ ಬೆಂಟೊ ಹಿನೊಟೊ ಜಪಾನೀ ಮೂಲದವನು. ಜಪಾನಿನ ಹೊರಗೆ ಜಪಾನೀ ಮೂಲದ ಜನ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಬ್ರೆಜಿಲ್‌ನಲ್ಲೇ. ಕೀಬೋರ್ಡಿಗೆ ಬಂದವನು ಜೂಲಿಯೊ ಸೆಸರ್. ಅವನೂ ಸುಮ್ಮನಿರಲಿಲ್ಲ. 'ಸೆಸರ್' ಎಂಬುದರ ಅಕ್ಷರಗಳನ್ನು ತಿರುಗುಮುರುಗು ಮಾಡಿ 'ರಸೆಕ್' ಆದ. ಡಿನ್ಹೊ ಹುಟ್ಟಿದ್ದು ಈಶಾನ್ಯದ ಬಾಯಿಯಾ ರಾಜ್ಯದ ಒಳನಾಡಿನಲ್ಲಿ. ಬರ, ಬಡತನಗಳಿಂದ ಬೇಸತ್ತು ದಕ್ಷಿಣದ ನಗರಗಳಿಗೆ ವಲಸೆ ಬಂದ ಲಕ್ಷಾಂತರ ಕುಟುಂಬಗಳ ಸೀಮೆ ಅದು.

ಉಟೋಪಿಯಾ ಗಂಭೀರವಾದ ಬ್ಯಾಂಡು. ಆಗಿನ ಬ್ರೆಜಿಲ್‌ನ ದೊಡ್ಡ ರಾಕ್ ತಂಡಗಳಾದ ಲೆಜಿಯಾವ್ ಉರ್ಬಾನಾ, ಟಿಟಾನ್ಸ್ ಮುಂತಾದವರ ದಾರಿಯಲ್ಲೇ ನಡೆಯಬೇಕೆಂಬ ಹಂಬಲ. 1992ರಲ್ಲಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಅದರ ಹೆಸರಿನ ಅರ್ಥ 'ವಿದ್ಯಮಾನವೊಂದರ ಸೂತ್ರ'. ಸಾವಿರ ಪ್ರತಿ ಅಚ್ಚಾಯಿತು, ನೂರೂ ಮಾರಾಟವಾಗಲಿಲ್ಲ. ಸೂತ್ರ ಎಲ್ಲಿ ತಪ್ಪಿತ್ತು? ಹಾಡುಗಳು ಕೆಟ್ಟದಾಗಿರಲಿಲ್ಲ, ಬೇರೆಯವರ ಹಾಡುಗಳಂತಿದ್ದವು, ಅಷ್ಟೆ. ಅಂಥವು ಅಂಗಡಿಯಲ್ಲಿ ಆಗಲೇ ಬೇಕಾದಷ್ಟಿದ್ದವು.

ಕಾರ್ಯಕ್ರಮಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹಾಡು ಹಾಡುವಾಗ ಜನ ಸುಮ್ಮನಿರುತ್ತಿದ್ದರು. ಹಾಡು ಮುಗಿದು ಮುಂದಿನದಕ್ಕೆ ವಾದ್ಯ ಸರಿಪಡಿಸಿಕೊಳ್ಳುವ ಬಿಡುವಿನಲ್ಲಿ ಡಿನ್ಹೊ ಯಾರದೋ ದನಿ ಅನುಕರಿಸಿದರೆ, ಒಂದು ಕುಚೋದ್ಯದ ಚರಣ ಹೇಳಿದರೆ ಎಲ್ಲರೂ ಎದ್ದು ಕೂರುತ್ತಿದ್ದರು. ಊಟಕ್ಕಿಂತ ಉಪ್ಪಿನಕಾಯಿಯೇ ಖಾಲಿಯಾಗುತ್ತಿತ್ತು!

ಒಂದು ದಿನ ಇವರು ಗೆಳೆಯರ ಔತಣಕೂಟದಲ್ಲಿ ಹಾಕಿ ನಗಲೆಂದು ಒಂದೆರಡು ತಮಾಷೆ ಹಾಡುಗಳನ್ನು ಸ್ಟುಡಿಯೊದಲ್ಲಿ ಮುದ್ರಿಸಿಕೊಂಡರು. ಸ್ಟುಡಿಯೊ ನಡೆಸುತ್ತಿದ್ದಾತ ರಿಕ್ ಬೊನಾಡಿಯೊ, ಮುಂದೆ ಬ್ರೆಜಿಲ್ ಪಾಪ್ ಸಂಗೀತದ ಹೆಸರಾಂತ ನಿರ್ಮಾಪಕನಾದವರು. ಅವರು ಈ ಹಾಡುಗಳನ್ನು ಕೇಳಿ, ಉಟೋಪಿಯಾವನ್ನು ಪಕ್ಕಕ್ಕಿಟ್ಟು ಇಂಥವನ್ನೇ ಇನ್ನಷ್ಟು ಬರೆಯಿರಿ ಎಂದರು. ಐದು ವರ್ಷ ಕಟ್ಟಿದ ಕನಸನ್ನು ಕೈಬಿಟ್ಟು ವಿದೂಷಕರಾಗುವುದು ಇಪ್ಪತ್ತರ ಹರೆಯದ ಹುಡುಗರಿಗೆ ಸಲೀಸಾದ ತೀರ್ಮಾನವಲ್ಲ. ಮಾಡಿದರು.

ಹೆಸರೂ ಬದಲಾಯಿತು. ಹೊಸ ಹೆಸರು 'ಮಮೋನಾಸ್ ಅಸಾಸಿನಾಸ್'. ಮಮೋನಾ ಎಂದರೆ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹರಳು, ಔಡಲ ಎಂದೂ ಕರೆಯುತ್ತೇವಲ್ಲ, ಅದೇ. ಅಸಾಸಿನಾಸ್ ಎಂದರೆ ಕೊಲೆಗಾತಿಯರು. 'ಕೊಲೆಗಡುಕ ಹರಳುಗಳು'! ಹರಳು ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿರುವುದು ನಿಜವೇ ಆದ್ದರಿಂದ ಸಸ್ಯಶಾಸ್ತ್ರದ ಪ್ರಕಾರ ಹೆಸರು ಅಷ್ಟೇನೂ ಅಸಂಬದ್ಧವಲ್ಲ. ಮಮೋನಾ ಎಂಬುದಕ್ಕೆ ಅಲ್ಲಿನ ಬೀದಿಮಾತಿನಲ್ಲಿ ಬೇರೊಂದು ತುಂಟ ಅರ್ಥವೂ ಇದೆ. ಮುದ್ರಿಕೆಯ ಮುಖಪುಟದ ಚಿತ್ರ ಅದನ್ನೇ ಸಾರುತ್ತಿತ್ತು. ಮನೆಮಂದಿಯೆಲ್ಲ ಓದುವ ಪುರವಣಿಯಲ್ಲಿ ಅದನ್ನು ವಿವರಿಸುವಂತಿಲ್ಲ.

ಮಗ ಕೇಳಿದ, ಅಪ್ಪ ಒಪ್ಪಿದ

ಹಾಡುಗಳ ಮಾದರಿ ಕ್ಯಾಸೆಟ್ ಧ್ವನಿಮುದ್ರಿಕೆ ಕಂಪೆನಿಗಳಿಗೆ ಹೋಯಿತು. ಇಎಂಐ ಕಂಪೆನಿಯಲ್ಲಿ ಹೊಸ ಕಲಾವಿದರನ್ನು ಆರಿಸುವ ಹೊಣೆ ಹೊತ್ತಿದ್ದವರು ಜೊವಾವ್ ಆಗುಸ್ಟೊ. ಅವರ ಮಗ ರಫಾಯೆಲ್ ರಾಮೋಸ್ ಇನ್ನೂ ಹದಿಹರೆಯದ ಹುಡುಗ, ತನ್ನದೇ ಒಂದು ಪುಟ್ಟ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದವನು. ಕ್ಯಾಸೆಟ್ ಅವನ ಕೈಗೆ ಸಿಕ್ಕಿತು. ಹುಡುಗ ಕೇಳಿದ, ಮತ್ತೆ ಕೇಳಿದ, ಅಪ್ಪನ ಬೆನ್ನು ಬಿದ್ದ. ಮಕ್ಕಳ ಕಾಟಕ್ಕೆ ಸೋತು ಅಪ್ಪಂದಿರು ಸೈಕಲ್ ಕೊಡಿಸುತ್ತಾರೆ. ಈ ಅಪ್ಪ ಒಂದು ಬ್ಯಾಂಡನ್ನೇ ಕಂಪೆನಿಗೆ ಸೇರಿಸಿಕೊಂಡರು. 1995ರ ಏಪ್ರಿಲ್ ಕೊನೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಮುದ್ರಣದ ಕೊನೆಯ ಹಂತದ ಮಿಕ್ಸಿಂಗ್ ಕೆಲಸಕ್ಕೆ ಹೋದದ್ದು ಲಾಸ್ ಏಂಜಲೀಸ್‌ಗೆ, ತಾವು ಅಣಕಿಸುತ್ತಿದ್ದ ಸಂಗೀತದ ತವರಿಗೇ. ಬ್ಯಾಂಡಿನ ಹೆಸರನ್ನೇ ಹೊತ್ತ ಮುದ್ರಿಕೆ 1995ರ ಜೂನ್ 23ರಂದು ಮಾರುಕಟ್ಟೆಗೆ ಬಂತು. ಒಟ್ಟು 14 ಹಾಡುಗಳು, ಎಲ್ಲ ಸೇರಿ ನಲವತ್ತು ನಿಮಿಷವೂ ಇಲ್ಲ. ಅದರಲ್ಲಿ ಒಂದು ಹಾಡು ಇವರದಲ್ಲ. ರಫಾಯೆಲ್‌ನ ಪುಟ್ಟ ಬ್ಯಾಂಡಿನದು. ಋಣ ಸಂದಾಯವಾಗಿತ್ತು.

ಸಾವೊ ಪಾಲೊದ ರಾಕ್ ಎಫ್‌ಎಂ ಕೇಂದ್ರವೊಂದು 'ವಿರಾ ವಿರಾ' ಎಂಬ ಹಾಡನ್ನು ಹಾಕಿದ್ದೇ ತಡ, ಕಿಡಿ ಹತ್ತಿಕೊಂಡಿತು. ಟಿವಿ ಚಾನೆಲ್‌ಗಳು ಈ ಐವರಿಗಾಗಿ ಕಿತ್ತಾಡತೊಡಗಿದವು. ಭಾನುವಾರದ ಮನರಂಜನಾ ಕಾರ್ಯಕ್ರಮಗಳಲ್ಲಿ ಒಂದಕ್ಕೊಂದು ಬದ್ಧ ವೈರಿಗಳಾಗಿದ್ದ ಎರಡು ಚಾನೆಲ್‌ಗಳೂ ಇವರನ್ನು ಕರೆದವು, ಇವರು ಎರಡಕ್ಕೂ ಹೋದರು. ಒಮ್ಮೆ ಮೊಲದ ವೇಷ, ಒಮ್ಮೆ ಸೂಪರ್‌ಹೀರೊ ವೇಷ, ಒಮ್ಮೆ ತಲೆಗೆ ವಿಗ್ಗು. ಗ್ಲಾಮ್ ಮೆಟಲ್ ಗಾಯಕರು ತಾವು ಸುಂದರವಾಗಿ ಕಾಣಲೆಂದು ವೇಷ ಹಾಕಿದರೆ ಇವರು ಪೆದ್ದರಂತೆ ಕಾಣಲೆಂದು ಹಾಕುತ್ತಿದ್ದರು.

ಮುದ್ರಿಕೆ ಕೆಲವೇ ತಿಂಗಳಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಎಲ್ಲ ಸೇರಿ ಸುಮಾರು 30 ಲಕ್ಷ ಪ್ರತಿಗಳು ಎಂಬುದು ಬ್ರೆಜಿಲ್‌ನಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಮೂರು ವರ್ಷದ ಹಿಂದೆ ನೂರು ಪ್ರತಿ ಮಾರಲಾಗದಿದ್ದವರು ಇವರೇ! ಕಾಲವೂ ಕೂಡಿಬಂದಿತ್ತೆನ್ನಿ. 1994ರ ಜೂನ್‌ವರೆಗೆ ಬ್ರೆಜಿಲ್‌ನಲ್ಲಿ ಬೆಲೆಗಳು ತಿಂಗಳಿಗೆ ಶೇಕಡಾ 40ಕ್ಕೂ ಹೆಚ್ಚು ಏರುತ್ತಿದ್ದವು. ಸಂಬಳ ಕೈಗೆ ಬಂದ ದಿನವೇ ಅಂಗಡಿಗೆ ಓಡಬೇಕಾದ ಪರಿಸ್ಥಿತಿ. ಆ ವರ್ಷ ಜುಲೈನಲ್ಲಿ 'ರಿಯಲ್' ಎಂಬ ಹೊಸ ನಾಣ್ಯ ಬಂದು ಹಣದುಬ್ಬರ ಇಳಿಯಿತು. ಬಡವರ, ಕೆಳ ಮಧ್ಯಮ ವರ್ಗದವರ ಕೈಯಲ್ಲಿ ಹಣ ಸ್ವಲ್ಪ ಹೊತ್ತು ನಿಲ್ಲತೊಡಗಿತು. ಮಕ್ಕಳಿಗೊಂದು ಧ್ವನಿಮುದ್ರಿಕೆ ಕೊಡಿಸುವುದು ಇವರಿಗೂ ಸಾಧ್ಯವಾಯಿತು.

ನಗುವಿನ ಒಳಗಿದ್ದ ವಿದ್ಯೆ

ಈ ಹಾಡುಗಳನ್ನು ಕೇಳಿದವರು ಮೊದಲು ಗಮನಿಸುವುದು ಡಿನ್ಹೊನ ಚೇಷ್ಟೆಯನ್ನು. ಎರಡನೆಯ ಬಾರಿ ಕೇಳಿದಾಗ ಕಿವಿ ನೆಡುವುದು ಹಿಂದಿರುವ ವಾದ್ಯಗಳ ಮೇಲೆ. ಬೆಂಟೊನ ಗಿಟಾರು ಎಲ್ಲೂ ತಮಾಷೆ ಮಾಡುವುದಿಲ್ಲ. ಪೋರ್ಚುಗೀಸ್ ಜಾನಪದ ಕುಣಿತದ ಧಾಟಿ ಬಂದರೆ ಅದು ಹಾಗೆಯೇ ಇರುತ್ತದೆ, ಹಠಾತ್ತನೆ ಅದರೊಳಗಿಂದ ಹೆವಿ ಮೆಟಲ್ ಸಿಡಿಯುತ್ತದೆ. ಈಶಾನ್ಯದ ಫೋರೊ ನೃತ್ಯದ ಲಯ, ನಗರದ ಪಗೋಡಿ, ಹಳೆಯ ಅಳುಮುಂಜಿ ಪ್ರೇಮಗೀತೆ, ಪಂಕ್, ಎಲ್ಲವನ್ನೂ ಈ ಐವರು ನುಡಿಸಬಲ್ಲವರಾಗಿದ್ದರು. ಉಟೋಪಿಯಾ ದಿನಗಳಲ್ಲಿ ಬೇರೆಯವರ ಹಾಡುಗಳನ್ನು ಊರೂರು ತಿರುಗಿ ನುಡಿಸಿದ ಸಾಧನೆ ವ್ಯರ್ಥವಾಗಿರಲಿಲ್ಲ. ಬೇರೆಯವರಂತೆ ಆಗಲು ಕಲಿತ ವಿದ್ಯೆ ಬೇರೆಯವರನ್ನು ಅಣಕಿಸಲು ಒದಗಿತು.

'ದೆಬಿಲ್ ಮೆಟಲ್' ಎಂಬ ಹಾಡನ್ನೇ ನೋಡಿ. ಹೆಸರೇ ಹೆವಿ ಮೆಟಲ್‌ನ ಅಣಕ, 'ಪೆದ್ದು ಮೆಟಲ್' ಎನ್ನಬಹುದು. ಗಂಟಲು ಹರಿಯುವ ಇಂಗ್ಲಿಷ್ ಅರಚಾಟ, ಗುಡುಗುವ ಡ್ರಮ್ಸ್. ಅರ್ಥ ಹುಡುಕಲು ಹೋದವರು ಬೇಸ್ತು ಬೀಳುತ್ತಾರೆ. ಸೆಕಾಪ್ ಬಡಾವಣೆಯಲ್ಲಿ ಗನ್ಸ್ ಎನ್ ರೋಸಸ್ ಹಾಡಿಗೆ ಹುಟ್ಟಿಕೊಂಡ ಆ ಇಲ್ಲದ ಇಂಗ್ಲಿಷಿನ ತಮ್ಮನೇ ಇದು. ಇನ್ನೊಂದು ಹಾಡಿನ ಹೆಸರು 'ಬೋಯಿಸ್ ಡೋಂಟ್ ಕ್ರೈ'. ಇಂಗ್ಲೆಂಡಿನ ದಿ ಕ್ಯೂರ್ ಬ್ಯಾಂಡಿನ ಪ್ರಸಿದ್ಧ ಹಾಡಿನ ಹೆಸರಲ್ಲಿ ಹುಡುಗರು ಅಳುವುದಿಲ್ಲ. ಪೋರ್ಚುಗೀಸಿನ ಬೋಯಿಸ್ ಎಂದರೆ ಎತ್ತುಗಳು. ಇಲ್ಲಿ ಅಳದಿರುವುದು ಎತ್ತುಗಳು!

ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದದ್ದು 'ಪೆಲಾಡೋಸ್ ಎಂ ಸಾಂಟೋಸ್'. ನಾಯಕ ಒಬ್ಬ ಬಡಪಾಯಿ ಪ್ರೇಮಿ. ಅವನ ಬಳಿ ಇರುವುದು ಹಳದಿ ಬಣ್ಣದ ಹಳೆಯ ಬ್ರೆಸಿಲಿಯಾ ಕಾರು. ಫೋಕ್ಸ್‌ವ್ಯಾಗನ್ ಕಂಪೆನಿ ಬ್ರೆಜಿಲ್‌ನಲ್ಲಿ 1982ರವರೆಗೆ ತಯಾರಿಸಿದ ಅಗ್ಗದ ಕಾರು ಅದು. ನಮ್ಮಲ್ಲಿ ಹಳೆಯ ಫಿಯೆಟ್ ಇದ್ದಂತೆ. ಅದರಲ್ಲಿ ಹುಡುಗಿಯನ್ನು ಸಾಂಟೋಸ್‌ನ ಕಡಲತೀರಕ್ಕೆ ಕರೆದೊಯ್ಯುವ ಅವನ ಆಸೆಯನ್ನು ಕೇಳಿ ನಗುತ್ತೇವೆ, ನಗುತ್ತಲೇ ಪಾಪ ಎನ್ನಿಸುತ್ತದೆ. ಅಮೆರಿಕದ ಗ್ಲಾಮ್ ಮೆಟಲ್ ನಾಯಕರಿಗೆ ಹಾರ್ಲೆ ಡೇವಿಡ್‌ಸನ್ ಬೈಕು, ಲಿಮೊಸಿನ್ ಕಾರು. ಇವನಿಗೆ ಹಳದಿ ಬ್ರೆಸಿಲಿಯಾ. ಬ್ಯಾಂಡಿನ ಲಾಂಛನವೂ ಫೋಕ್ಸ್‌ವ್ಯಾಗನ್ ಲಾಂಛನವನ್ನು ತಲೆಕೆಳಗು ಮಾಡಿದ್ದೇ.

ಮಾಲ್‌ಗೆ ಹೋಗಿ ಕಣ್ಣರಳಿಸುವ ಕೂಲಿ ಕಾರ್ಮಿಕ, ಬಾಯಿಯಾದಿಂದ ಕತ್ತೆಯೊಂದಿಗೆ ಹೊರಟು ಬಂದ ವಲಸಿಗ, ಟಿವಿಯಲ್ಲಿ ಫೋನ್ ನಂಬರ್ ಕೊಟ್ಟು ಬೇಡದ್ದನ್ನೆಲ್ಲ ಮಾರುವ ಜಾಹೀರಾತಿಗೆ ಮರುಳಾದವ, ಐದನೆಯ ತರಗತಿಯಲ್ಲಿ ನಪಾಸಾದ ವಿದ್ಯಾರ್ಥಿ. ಇವರೆಲ್ಲ ಈ ಹಾಡುಗಳ ಪಾತ್ರಗಳು. ಇವರನ್ನು ಹೊರಗಿನವರು ಗೇಲಿ ಮಾಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಗೇಲಿ ಮಾಡುತ್ತಿದ್ದಾತ ಸ್ವತಃ ಬಾಯಿಯಾದಿಂದ ಬಂದ ವಲಸಿಗರ ಮಗ. ಆದರೂ ಎಲ್ಲ ನಗೆಯೂ ಅಷ್ಟು ನಿರಪಾಯವಾಗಿರಲಿಲ್ಲ. ಪೋರ್ಚುಗೀಸರನ್ನು, ಸಲಿಂಗಿಗಳನ್ನು ಕುರಿತ ಕೆಲವು ಚಟಾಕಿಗಳು ಇಂದು ಕೇಳಿದರೆ ಮುಜುಗರ ತರುತ್ತವೆ.

ಅಮ್ಮಂದಿರ ಇಕ್ಕಟ್ಟು

ಸಾಹಿತ್ಯದಲ್ಲಿ ಬೈಗುಳವಿತ್ತು, ಪೋಲಿತನವಿತ್ತು, ದ್ವಂದ್ವಾರ್ಥವಂತೂ ಸಾಲುಸಾಲಿಗೆ. ಕಂಪೆನಿಯವರು ಇವನ್ನು ಕೊಳ್ಳುವವರು ಕಾಲೇಜು ಹುಡುಗರು ಎಂದು ಎಣಿಸಿದ್ದರೆ ಅದು ಸಹಜವೇ. ಆದರೆ ಕಾರ್ಯಕ್ರಮಗಳಿಗೆ ಮುಗಿಬಿದ್ದವರು ಐದು, ಏಳು, ಹತ್ತು ವರ್ಷದ ಮಕ್ಕಳು! ಅಪ್ಪನ ಹೆಗಲೇರಿ ಬಂದವರು. ಅವರಿಗೆ ಬೇಕಾಗಿದ್ದುದು ಮೊಲದ ವೇಷ, ಕಾರ್ಟೂನಿನ ದನಿಗಳು, ಬಿದ್ದು ಎದ್ದು ಓಡುವ ಡಿನ್ಹೊ. ಪೋಲಿ ಮಾತುಗಳು ಅವರ ತಲೆಯ ಮೇಲಿಂದ ಹಾರಿ ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರನ್ನು ತಲುಪುತ್ತಿದ್ದವು. ಒಂದೇ ಹಾಡಿಗೆ ಎರಡು ತಲೆಮಾರು ಬೇರೆ ಬೇರೆ ಕಾರಣಕ್ಕೆ ನಗುತ್ತಿತ್ತು.

ಕಂದಮ್ಮಗಳು ಊಟದ ಮೇಜಿನಲ್ಲಿ ಕುಳಿತು ಬೈಗುಳವನ್ನು ರಾಗವಾಗಿ ಹಾಡಿದರೆ ಯಾವ ತಾಯಿ ಸುಮ್ಮನಿದ್ದಾಳು? ಗದರಬೇಕು. ಆದರೆ ಗದರುವಷ್ಟರಲ್ಲಿ ತಾನೇ ನಕ್ಕುಬಿಟ್ಟಿರುತ್ತಾಳೆ. ಆ ಅಪ್ಪ ಅಮ್ಮಂದಿರ ಬಾಲ್ಯ, ಯೌವನ ಕಳೆದದ್ದು ಸೇನಾಡಳಿತದಲ್ಲಿ. ಹಾಡಿನ ಒಂದೊಂದು ಸಾಲೂ ಸರ್ಕಾರಿ ಸೆನ್ಸಾರ್ ಮಂಡಳಿಯ ಕತ್ತರಿಯಡಿ ಹಾಯ್ದು ಬರುತ್ತಿದ್ದ ಕಾಲ ಅದು. ಸೆನ್ಸಾರ್ ಪದ್ಧತಿಯನ್ನು ಸಂವಿಧಾನವೇ ರದ್ದುಪಡಿಸಿದ್ದು 1988ರಲ್ಲಿ. ಏಳೇ ವರ್ಷದ ನಂತರ ತಮ್ಮ ಮಕ್ಕಳು ಟಿವಿ ಮುಂದೆ ನಿಂತು ಬಾಯಿಗೆ ಬಂದದ್ದನ್ನು ಹಾಡುತ್ತಿದ್ದಾರೆ. ಅವರ ನಗೆಯಲ್ಲಿ ಒಂದು ನಿಟ್ಟುಸಿರೂ ಬೆರೆತಿದ್ದರೆ ಆಶ್ಚರ್ಯವಿಲ್ಲ.

ಬೇಡಿಕೆ ಎಷ್ಟಿತ್ತೆಂದರೆ ಕೆಲವು ದಿನ ಎರಡೆರಡು ಕಾರ್ಯಕ್ರಮ. ಇಂಡಿಯಾಕ್ಕಿಂತ ಎರಡೂವರೆ ಪಟ್ಟು ದೊಡ್ಡದಾದ ದೇಶ ಬ್ರೆಜಿಲ್. ಒಂದು ತುದಿಯಿಂದ ಇನ್ನೊಂದು ತುದಿಗೆ ಸಮಯಕ್ಕೆ ಸರಿಯಾಗಿ ತಲುಪಲು ಬಾಡಿಗೆ ವಿಮಾನವೇ ಗತಿಯಾಯಿತು.

1996ರ ಜನವರಿಯಲ್ಲಿ ತಮ್ಮೂರು ಗ್ವಾರುಲ್ಯೋಸ್‌ನ ಪಾಸ್ಕೊಯಲ್ ತೊಮೆವು ಒಳಾಂಗಣ ಕ್ರೀಡಾಂಗಣದಲ್ಲಿ ಹಾಡಿದರು. ಉಟೋಪಿಯಾ ಆಗಿದ್ದಾಗ ಅಲ್ಲಿ ಹಾಡಲು ಅವಕಾಶ ಸಿಗದೆ ಮರಳಿದ್ದವರು ಇವರು. ಅಂದು ಡಿನ್ಹೊ ನಡುವೆ ಹಾಡು ನಿಲ್ಲಿಸಿ, ವೇಷದ ಒಳಗಿಂದಲೇ, ಒಂದಿಷ್ಟು ಹೊತ್ತು ಗಂಭೀರವಾಗಿ ಮಾತಾಡಿದ. ತಮ್ಮನ್ನು ಯಾರೂ ನಂಬದಿದ್ದ ದಿನಗಳನ್ನು ನೆನೆದು, ಆಸೆ ಬಿಡಬೇಡಿ ಎಂದು ಊರಿನ ಹುಡುಗರಿಗೆ ಹೇಳಿದ. ಯಾವಾಗ ನಗಬೇಕೋ ಎಂದು ಕಾದಿದ್ದವರಿಗೆ ಆ ಮಾತಿನಲ್ಲಿ ನಗುವ ಜಾಗ ಸಿಗಲಿಲ್ಲ.

ಮಾರ್ಚ್ 2ರ ರಾತ್ರಿ

1996ರ ಮಾರ್ಚ್ 2, ಶನಿವಾರ. ರಾಜಧಾನಿ ಬ್ರೆಸಿಲಿಯಾದ ಮಾನೆ ಗರಿಂಚಾ ಕ್ರೀಡಾಂಗಣದಲ್ಲಿ ಕಾರ್ಯಕ್ರಮ. ಈ ಸುತ್ತಿನ ಪ್ರವಾಸದಲ್ಲಿ ಇದೇ ಕೊನೆಯದು. ಮರುದಿನ ಪೋರ್ಚುಗಲ್‌ಗೆ ಹೊರಡಬೇಕಿತ್ತು. ಕಾರ್ಯಕ್ರಮ ಮುಗಿಸಿ ಐವರು ಕಲಾವಿದರು, ಅವರ ಇಬ್ಬರು ಸಹಾಯಕರು, ಇಬ್ಬರು ವಿಮಾನ ಚಾಲಕರು ಪುಟ್ಟ ಲಿಯರ್‌ಜೆಟ್ ವಿಮಾನದಲ್ಲಿ ಊರಿನತ್ತ ಹೊರಟರು.

ರಾತ್ರಿ ಹನ್ನೊಂದರ ಹೊತ್ತಿಗೆ ವಿಮಾನ ಗ್ವಾರುಲ್ಯೋಸ್ ತಲುಪಿತು. ಇಳಿಯುವ ಮೊದಲ ಪ್ರಯತ್ನ ಸರಿಹೋಗಲಿಲ್ಲ. ಚಾಲಕರು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು. ಇದು ಅಪರೂಪವೇನಲ್ಲ, ಸುತ್ತು ಹಾಕಿ ಮರಳಿ ಬಂದು ಇಳಿಯುವುದು ರೂಢಿ. ಆ ಸುತ್ತಿನಲ್ಲಿ ಬಲಕ್ಕೆ ತಿರುಗಬೇಕಿತ್ತು, ತಿರುಗಿದ್ದು ಎಡಕ್ಕೆ. ಎಡಗಡೆ ಕಾಂತರೇರಾ ಬೆಟ್ಟಸಾಲು. ಕತ್ತಲಲ್ಲಿ ವಿಮಾನ ಕಾಡಿನ ಬೆಟ್ಟಕ್ಕೆ ಅಪ್ಪಳಿಸಿತು. ಒಂಬತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಚಾಲಕರ ದಣಿವೂ ದುರಂತದ ಕಾರಣಗಳಲ್ಲಿ ಒಂದೆಂದು ತನಿಖೆ ಗುರುತಿಸಿತು.

ಸ್ಯಾಮ್ಯುಯೆಲ್‌ಗೆ 22. ಐವರಲ್ಲಿ ಹಿರಿಯನಾದ ಜೂಲಿಯೊಗೆ 28. ಡಿನ್ಹೊನ 25ನೆಯ ಹುಟ್ಟುಹಬ್ಬಕ್ಕೆ ಎರಡು ಮೂರು ದಿನ ಬಾಕಿಯಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು, ರಿಯೊಲಿ ಸೋದರರು, ಒಟ್ಟಿಗೇ ಹೋದರು.

ಭಾನುವಾರ ಬೆಳಿಗ್ಗೆ ಬ್ರೆಜಿಲ್‌ನ ಮನೆಮನೆಗಳಲ್ಲಿ ಟಿವಿ ಹಚ್ಚಿದವರು ಮೊದಲು ಇದೂ ಒಂದು ತಮಾಷೆಯೇನೋ ಎಂದುಕೊಂಡರೆ ಅವರ ತಪ್ಪಲ್ಲ. ಎರಡು ವರ್ಷದ ಹಿಂದಷ್ಟೇ, 1994ರ ಮೇ ಒಂದರಂದು, ಕಾರ್ ರೇಸ್ ಚಾಂಪಿಯನ್ ಆಯರ್ಟನ್ ಸೆನ್ನಾರನ್ನು ಕಳೆದುಕೊಂಡು ದೇಶ ಅತ್ತಿತ್ತು. ಅದು ದೊಡ್ಡವರ ದುಃಖ. ಇದು ಮಕ್ಕಳ ಮನೆಬಾಗಿಲಿಗೇ ಬಂದಿತ್ತು. ಅಜ್ಜ ಅಜ್ಜಿಯ ಸಾವನ್ನೂ ಕಂಡಿರದ ಎಷ್ಟೋ ಮಕ್ಕಳು ಸಾವೆಂದರೇನು ಎಂದು ಕೇಳಿದ್ದು ಆ ಭಾನುವಾರವೇ. ಹಾಡಿನ ಪೋಲಿ ಪದಕ್ಕೆ ಅರ್ಥ ಹೇಳಲು ತಡವರಿಸಿದ್ದ ತಂದೆ ತಾಯಿಯರಿಗೆ ಈ ಪ್ರಶ್ನೆ ಅದಕ್ಕಿಂತ ಕಷ್ಟದ್ದಾಗಿತ್ತು.

ಸೋಮವಾರ ಅಂತ್ಯಕ್ರಿಯೆ. ಕೆಲವು ಶಾಲೆಗಳು ಅಂದು ತರಗತಿ ನಡೆಸಲಿಲ್ಲ. ಶವಪೆಟ್ಟಿಗೆಗಳನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದು ಎರಡು ತಿಂಗಳ ಹಿಂದೆ ಡಿನ್ಹೊ ನಿಂತು ಮಾತಾಡಿದ ಅದೇ ಒಳಾಂಗಣ ಕ್ರೀಡಾಂಗಣದಲ್ಲಿ. ಗ್ವಾರುಲ್ಯೋಸ್‌ನ ಸ್ಮಶಾನಕ್ಕೆ ನಡೆದ ಮೆರವಣಿಗೆಯಲ್ಲಿ 65 ಸಾವಿರ ಜನ ಸೇರಿದ್ದರೆಂದು ಅಂದಾಜು.

ಎರಡನೆಯ ಮುದ್ರಿಕೆ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೋ. ಒಂದೇ ಜೋಕನ್ನು ಎರಡನೆಯ ಸಲ ಹೇಳಿ ಗೆದ್ದವರು ಕಡಿಮೆ. ಜನ ಬೇಸತ್ತು ಇವರನ್ನು ಮರೆಯುತ್ತಿದ್ದರೇ, ಅಥವಾ ಬೆಂಟೊನ ಗಿಟಾರು, ಡಿನ್ಹೊನ ಗಂಟಲು ಹೊಸ ದಾರಿ ಹುಡುಕಿಕೊಳ್ಳುತ್ತಿತ್ತೇ ಎಂಬ ವಾದ ಬ್ರೆಜಿಲ್‌ನ ಸಂಗೀತಪ್ರಿಯರ ನಡುವೆ ಆಗಾಗ ಎದ್ದೇಳುತ್ತದೆ. ಇವರ ಯಶಸ್ಸನ್ನು ಕಂಡು ತಮಾಷೆ ಹಾಡು ಹಾಡಲು ಹೊರಟ ಬ್ಯಾಂಡುಗಳಿಗೆ ಲೆಕ್ಕವಿಲ್ಲ. ಆ ಎತ್ತರಕ್ಕೆ ಯಾರೂ ಏರಲಿಲ್ಲ.

1995ರಲ್ಲಿ ಅಪ್ಪನ ಹೆಗಲೇರಿದ್ದ ಮಕ್ಕಳು ಈಗ ತಾವೇ ಅಪ್ಪ ಅಮ್ಮಂದಿರು. 2016ರಲ್ಲಿ ಈ ಐವರ ಕತೆ ಸಂಗೀತ ನಾಟಕವಾಗಿ ರಂಗಕ್ಕೆ ಬಂತು. ಅದರಲ್ಲಿ ಡಿನ್ಹೊ ಆಗಿದ್ದ ರೂಯಿ ಬ್ರಿಸಾಕ್ ಎಂಬ ನಟನೇ 2023ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಚಲನಚಿತ್ರದಲ್ಲೂ ಡಿನ್ಹೊ ಆದ. ಬೆಂಟೊನ ಪಾತ್ರಕ್ಕೆ ಮಾತ್ರ ವೃತ್ತಿನಟರನ್ನು ಹುಡುಕಬೇಕಾಗಲಿಲ್ಲ. ಮನೆಯಲ್ಲೇ ಒಬ್ಬ ಗಿಟಾರ್ ವಾದಕನಿದ್ದ. ಬೆಂಟೊನ ಸೋದರನ ಮಗ ಬೆಟೊ ಹಿನೊಟೊ ಚಿಕ್ಕಪ್ಪನ ವೇಷ ತೊಟ್ಟು, ಚಿಕ್ಕಪ್ಪನ ಹಾಡುಗಳಿಗೆ ಗಿಟಾರು ಹಿಡಿದು ಕ್ಯಾಮೆರಾ ಮುಂದೆ ನಿಂತ.